ಮಾಚದಿನ್ನಿಯ ಕಪ್ಪು ವಜ್ರ

ಒಂದು ಊರನ್ನು ಮುಳುಗಿಸಬೇಕಾದರೆ ಅಣೆಕಟ್ಟು ಬೇಕು, ಸಾವಿರಾರು ಆಳುಗಳು ಬೇಕು, ಹತ್ತಿಪ್ಪತ್ತು ವರ್ಷ ಬೇಕು. ಅದೇ ಊರನ್ನು ಜನರ ಸಮೇತ ಇಲ್ಲವೆನಿಸಲು ಒಂದು ಸಣ್ಣ ಕಪ್ಪು ವಜ್ರಾಕೃತಿ ಸಾಕು. ಅದನ್ನು ಬರೆದವಳು ನಾನೇ, ನೀಲಾಂಬಿಕಾ ಹೂಗಾರ, ಜೀವನಕ್ಷೆಯ ಹಿರಿಯ ವಿನ್ಯಾಸಕಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆ ದಿನ ನಾನು ಕಂಡದ್ದನ್ನು ಹೇಳದೆ ಸತ್ತರೆ ಅದಕ್ಕಿಂತ ದೊಡ್ಡ ನಾಚಿಕೆ ಬೇರೆ ಇಲ್ಲ.

ಆ ಕಾಲಕ್ಕೆ ಕಾಗದದ ನಕ್ಷೆಗಳು ಗೋಡೆಯ ಅಲಂಕಾರಕ್ಕಷ್ಟೇ ಉಳಿದಿದ್ದವು. ನಾಡನ್ನೆಲ್ಲ ನಡೆಸುತ್ತಿದ್ದದ್ದು ಜೀವನಕ್ಷೆ. ನೆಲದ ಮೇಲಿನ ಪ್ರತಿ ಬಾವಿ, ಪ್ರತಿ ಹೊಲ, ಪ್ರತಿ ಕಂಬ, ಪ್ರತಿ ಮನುಷ್ಯ ಅದರೊಳಗೆ ಒಂದೊಂದು ವಸ್ತುವಾಗಿ ಬದುಕಿರುತ್ತಿತ್ತು. ಹೊಲ ಒಣಗಿದರೆ ನಕ್ಷೆಯ ಹೊಲವೂ ಒಣಗುತ್ತಿತ್ತು. ನೀವು ನಾಲ್ಕು ಹೆಜ್ಜೆ ನಡೆದರೆ ಮುಂಗೈಯ ಪಟ್ಟಿಯ ಸಂಕೇತ ಹಿಡಿದು ನಕ್ಷೆಯಲ್ಲೂ ನಾಲ್ಕು ಹೆಜ್ಜೆ ನಡೆಯುತ್ತಿದ್ದಿರಿ. ಬಸ್ಸು, ದೋಣಿ, ಮನೆಯ ಬಾಗಿಲು, ಅಣೆಕಟ್ಟಿನ ಗೇಟು ಎಲ್ಲವೂ ಅದನ್ನು ಕೇಳಿಯೇ ಕೆಲಸ ಮಾಡುತ್ತಿದ್ದವು.

ಇಂಥ ನಕ್ಷೆಗೆ ಮೊದಲು ಲೋಕದಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಸೇರಿದ್ದು ಎಂದು ಯಾರಾದರೂ ಹೇಳಿಕೊಡಬೇಕು. ಅದಕ್ಕೆ ನಾವು ವರ್ಗಚಿತ್ರ ಬರೆಯುತ್ತಿದ್ದೆವು. ಒಂದು ಚೌಕದಲ್ಲಿ ‘ಊರು’, ಇನ್ನೊಂದರಲ್ಲಿ ‘ಮನೆ’, ಮತ್ತೊಂದರಲ್ಲಿ ‘ವ್ಯಕ್ತಿ’, ನಡುವೆ ಗೆರೆ. ಗೆರೆಯ ತುದಿಗೆ ಕಪ್ಪು ವಜ್ರ ಬರೆದರೆ ಅದು ಕೈ ಮತ್ತು ಬೆರಳಿನ ಸಂಬಂಧ, ಕೈ ಹೋದರೆ ಬೆರಳೂ ಹೋಯಿತು. ಬಿಳಿ ವಜ್ರ ಬರೆದರೆ ಭಜನಾ ಮೇಳ ಮತ್ತು ಹಾಡುವವರ ಸಂಬಂಧ, ಮೇಳ ಮುರಿದರೂ ಹಾಡುವವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಆ ದಿನಕ್ಕೆ ಇಪ್ಪತ್ತೆರಡು ವರ್ಷಗಳ ಹಿಂದೆ, ಮೂವತ್ತಾರರ ಹುಮ್ಮಸ್ಸಿನಲ್ಲಿ, ಊರಿಗೂ ವ್ಯಕ್ತಿಗೂ ನಡುವೆ ನಾನು ಕಪ್ಪು ವಜ್ರವನ್ನೇ ಬರೆದೆ. ಊರಿಲ್ಲದ ಮನುಷ್ಯ ಎಲ್ಲಿದ್ದಾನು ಎಂದುಕೊಂಡಿದ್ದೆ. ಊರಿಗೂ ಜಾಗಕ್ಕೂ ನಡುವೆ ‘ಒಂದಕ್ಕೆ ಒಂದು’ ಎಂದು ಬರೆದೆ. ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಬೀಗಿದೆ.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯ ಬಾಗಿಲನ್ನು ಯಾರೋ ಧಬಧಬ ಬಡಿದರು. ಬಾಗಿಲು ಬಡಿಯುವ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಒಳಗಿನಿಂದ ತೆಗೆದರೆ ನಮ್ಮ ಅತ್ತೆ ಗುರಬಸವ್ವ, ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ನಿಂತಿದ್ದರು.

“ನಿಮ್ಮ ಬಾಗಲಕ್ಕ ನನ್ನ ಮ್ಯಾಲ ಏನ್ ಸಿಟ್ಟ ಬಂದೈತಿ ನೋಡವಾ,” ಎಂದರು. “ಎಷ್ಟ ನಿಂತ್ರೂ ತಗೀವಲ್ದು. ಬಸ್ಸೂ ಹಂಗ ಮಾಡ್ತು. ಯಾರದೋ ಎತ್ತಿನ ಗಾಡಿ ಹತ್ತಿ ಬಂದ್ನಿ.”

“ಪಟ್ಟಿ ಕೆಟ್ಟಿರಬೇಕ್ರಿ ಅತ್ತಿ, ತೋರಸ್ರಿ.”

“ಪಟ್ಟಿ ಛಲೋ ಐತಿ. ಹಸರ ದೀಪ ಹತ್ತೇತಿ. ನಮ್ಮೂರ ಲಚಮವ್ವಗೂ ಹಂಗ ಆತಂತ, ಬಡಿಗೇರ ಹುಡುಗಿಗೂ ಹಂಗ ಆತಂತ. ನಾವೆಲ್ಲಾ ಸತ್ತೀವೇನ ಮತ್ತ?” ಎಂದು ನಕ್ಕರು.

ಅತ್ತೆ ಮಾಚದಿನ್ನಿಯವರು. ಆ ಊರು ಅಂದಿಗೆ ಅರವತ್ತು ವರ್ಷಗಳಿಂದ ಹಿನ್ನೀರಿನಡಿ ಇತ್ತು. ಮುಳುಗಿದಾಗ ಅತ್ತೆಗೆ ಹದಿನೆಂಟು ವರ್ಷ. ಅದೇ ಓಣಿಯ ಹೂಗಾರರ ಮನೆತನಕ್ಕೇ ಮುಂದೆ ಸೊಸೆಯಾದರು. ಬೇಸಿಗೆಯಲ್ಲಿ ನೀರು ಸರಿದು ರೇವೆಮಣ್ಣು ಮೇಲೆದ್ದ ಕೂಡಲೆ ಮಾಚದಿನ್ನಿಯ ಜನ ಎಲ್ಲೆಲ್ಲಿಂದಲೋ ಬಂದು ಕೂಡುತ್ತಾರೆ. ತಮ್ಮ ತಮ್ಮ ಮನೆ ಇದ್ದ ಜಾಗ ಹುಡುಕಿ, ಅಡಿಗೆಮನೆ ಇದ್ದಲ್ಲಿ ಮೊದಲ ಹಿಡಿ ಕಾಳು ಹಾಕಿ, ಶೇಂಗಾ, ಸೌತೆ ಬೆಳೆದು, ಮುಂಗಾರಿನ ಹೊಸ ನೀರು ಬರುವ ಮೊದಲು ಒಕ್ಕಿಕೊಂಡು ಹೋಗುತ್ತಾರೆ. ನನ್ನ ಗಂಡ ತೀರಿಕೊಂಡ ಮೇಲೂ ಅತ್ತೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಅಂದು ಬಂದದ್ದು ಖಾಲಿ ಚೀಲ ಒಯ್ಯಲಿಕ್ಕೆ.

“ಎರಡು ದಿನ ಇಲ್ಲೇ ಇರ್ರಿ, ಮ್ಯಾಲ ಘಟ್ಟದಾಗ ಮಳಿ ಹತ್ತೇತಿ,” ಎಂದೆ.

“ನಿಮ್ಮ ನಕ್ಷಿ ಮೂರು ದಿನ ಮೊದಲ ಕೂಗಿ ಹೇಳ್ತೈತಲ್ಲ. ಕೂಗಲಿ, ಬರ್ತೀವಿ,” ಎಂದು ಎರಡು ರೊಟ್ಟಿ ತಿಂದು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಅವರನ್ನು ತಡೆದವರು ಇನ್ನೂ ಹುಟ್ಟಿಲ್ಲ.

ನಮ್ಮ ಕೇಂದ್ರ ಅಣೆಕಟ್ಟಿನ ಪಕ್ಕದ ಗುಡ್ಡದ ಮೇಲಿತ್ತು. ಅಲ್ಲಿ ಎಂಬತ್ತು ಅಡಿ ಉದ್ದದ ಗೋಡೆಯ ಮೇಲೆ ಇಡೀ ಹೊಳೆ ಹರಿಯುತ್ತಿತ್ತು. ಘಟ್ಟದ ಮೇಲೆ ಬಿದ್ದ ಮಳೆ ಅಲ್ಲಿ ನೀಲಿ ಹೊಗೆಯ ಹಾಗೆ ಇಳಿಯುವುದನ್ನು, ಬಯಲಿನ ಲಕ್ಷಾಂತರ ಜನ ಹೊಂಬಣ್ಣದ ಚುಕ್ಕೆಗಳಾಗಿ ಎದ್ದು ಓಡಾಡುವುದನ್ನು ನೋಡಿದರೆ ಮೂವತ್ತು ವರ್ಷ ಕೆಲಸ ಮಾಡಿದವಳಿಗೂ ಮೈ ಜುಮ್ಮೆನ್ನುತ್ತಿತ್ತು. ಗೇಟಿನ ಪಾಳಿಯಲ್ಲಿ ಅಂದು ಇಮಾಮಸಾಬ ನದಾಫ ಇದ್ದ. ಮಾತು ಕಡಿಮೆ, ಕೆಲಸ ಚೊಕ್ಕ.

ನಾನು ಅತ್ತೆಯ ಹೆಸರು ಹುಡುಕಿದೆ. ಸಿಗಲಿಲ್ಲ. ಸತ್ತವರ ಯಾದಿಯಲ್ಲಿ ನೋಡಿದೆ, ಅಲ್ಲಿಯೂ ಇಲ್ಲ. ಗುರಬಸವ್ವ ಎನ್ನುವ ಹೆಂಗಸು ಯಾವತ್ತೂ ಹುಟ್ಟಿಯೇ ಇರಲಿಲ್ಲ ಎನ್ನುತ್ತಿತ್ತು ನಕ್ಷೆ. ಹಿಂದಿನ ದಿನದ ಬದಲಾವಣೆಗಳನ್ನು ತೆಗೆದು ಓದಿದೆ. ಯಾರೋ ಹೊಸಬರು ನಕ್ಷೆಯ ಕಸ ಗುಡಿಸುತ್ತ, ನೀರಿನಡಿಯ ಹಳೆಯ ಹೆಸರೊಂದನ್ನು ಅಳಿಸಿದ್ದರು: ಮಾಚದಿನ್ನಿ. ಅವರ ತಪ್ಪೇನೂ ಇಲ್ಲ. ಜಾಗ ಈಗ ‘ಜಲಾಶಯ’ ಎಂಬ ವರ್ಗಕ್ಕೆ ಸೇರಿತ್ತು, ಒಂದೇ ಜಾಗ ಊರೂ ಜಲಾಶಯವೂ ಆಗುವಂತಿಲ್ಲ ಎಂದು ನಾನೇ ನಿಯಮ ಮಾಡಿದ್ದೆ.

ಆಮೇಲೆ ಮಿಕ್ಕದ್ದೂ ತಿಳಿಯಿತು. ನೋಂದಣಿಯವರು ಬಂದು “ಯಾವೂರ್ರಿ?” ಎಂದು ಕೇಳಿದಾಗ ಮಾಚದಿನ್ನಿಯ ಜನ ಯಾರೊಬ್ಬರೂ ತಾವಿರುವ ಹೊಸ ಬಡಾವಣೆಯ ಹೆಸರು ಹೇಳಿದವರಲ್ಲ. ಮುಳುಗಿದ ಮೇಲೆ ಹುಟ್ಟಿದ ಮಕ್ಕಳೂ ಮಾಚದಿನ್ನಿ ಎಂದೇ ಬರೆಸಿದ್ದರು. ನಾನು ತವರಿನ ಹೆಸರು ಬರೆಸಿದ್ದರಿಂದ ಉಳಿದಿದ್ದೆ. ಮಿಕ್ಕ ಸಾವಿರದಿನ್ನೂರಾ ಆರು ಜನ ಆ ಒಂದು ಹೆಸರಿನ ಜೊತೆ ಬೆರಳುಗಳ ಹಾಗೆ ಕತ್ತರಿಸಿ ಹೋಗಿದ್ದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಣ್ಣುತ್ತಿದ್ದವರು ಬೇರೆಯವರು.

“ಇಮಾಮಸಾಬ, ಇವತ್ತ ಗೇಟಿನ ಲೆಕ್ಕ ಏನೈತಿ?”

“ಮ್ಯಾಲಿಂದ ದೊಡ್ಡ ನೀರ ಬರಾಕತ್ತೇತ್ರಿ ಅಕ್ಕಾರ, ರಾತ್ರಿ ಘಟ್ಟದಾಗ ಮುಗಲ ಹರದೈತಿ. ಒಂದು ಗಂಟೆಕ್ಕ ಇಪ್ಪತ್ತಾರೂ ಗೇಟ ನಕ್ಷಿ ತಾನ ಮುಚ್ಚತೈತಿ. ಕೆಳಗ ಊರ ಅದಾವ. ಮ್ಯಾಲ ಹಿನ್ನೀರಿನಾಗ ಯಾರೂ ಇಲ್ಲಲ್ರಿ, ಅಲ್ಲಿ ತುಂಬತೈತಿ.”

“ಅದಾರ,” ಎಂದೆ. “ಮಾಚದಿನ್ನಿ ಮಣ್ಣಿನ್ಯಾಗ ನೂರಕ್ಕ ಮ್ಯಾಲ ಮಂದಿ ಅದಾರ. ನಮ್ಮ ಅತ್ತಿ ಅದಾರ.”

ಅವನು ಗೋಡೆ ನೋಡಿದ. ಅಲ್ಲಿ ಕಂದುಬಣ್ಣದ ಮಣ್ಣಿನ ಬಯಲು ಖಾಲಿಯಾಗಿ ಬಿದ್ದಿತ್ತು. ಹೆಸರಿಲ್ಲದ ಪಟ್ಟಿಗಳ ಸಂಕೇತ ಬಂದರೆ ನಕ್ಷೆ ಅದನ್ನು ಗದ್ದಲವೆಂದು ಸೋಸಿ ಹಾಕುತ್ತಿತ್ತು. ಗಡಿಯಾರದಲ್ಲಿ ಹನ್ನೊಂದೂವರೆ.

“ನಾ ಕೈಯಿಂದ ಗೇಟ ನಿಂದ್ರಿಸಿದ್ರ ನೀರೆಲ್ಲಾ ಕೆಳಗಿನ ಊರಿಗೆ ಹೊಕ್ಕೈತ್ರಿ,” ಎಂದ ಇಮಾಮಸಾಬ. “ಎಷ್ಟ ಬಿಡಬೇಕು, ಎಷ್ಟ ಹಿಡೀಬೇಕು ಅನ್ನೂದು ನನ್ನ ತಲಿಗೆ ಹತ್ತೂ ಲೆಕ್ಕ ಅಲ್ಲ. ನಕ್ಷಿಗೆ ಮಂದಿ ಕಾಣಬೇಕ್ರಿ.”

ಕರೆ ಮಾಡೋಣವೆಂದರೆ ಇಲ್ಲದವರ ಮುಂಗೈ ಪಟ್ಟಿಗೆ ಕರೆ ಹೋಗುವುದಿಲ್ಲ. ದೋಣಿ ಕಳಿಸೋಣವೆಂದರೆ ಯಾರೂ ಇಲ್ಲದ ಕಡೆ ದೋಣಿ ಹೊರಡುವುದಿಲ್ಲ. ನಡೆದು ಹೋಗಲು ಹನ್ನೆರಡು ಕಿಲೋಮೀಟರು ಕೆಸರು. ಹಿಂದಿನ ದಿನದ ಪ್ರತಿಯಿಂದ ಊರನ್ನು ಮರಳಿ ಕೂರಿಸಲು ನೋಡಿದೆ. ‘ಈ ಜಾಗದಲ್ಲಿ ಜಲಾಶಯವಿದೆ, ಜಾಗವಿಲ್ಲದ ಊರು ಇರಲಾರದು’ ಎಂದು ನನ್ನದೇ ನಿಯಮ ನನ್ನ ಮುಖಕ್ಕೆ ಹೊಡೆಯಿತು. ಮೂರು ಸಲ ನೋಡಿದೆ, ಮೂರು ಸಲವೂ ಅದೇ ಉತ್ತರ.

ಉಳಿದದ್ದು ಒಂದೇ ದಾರಿ. ನಡೆಯುತ್ತಿರುವ ನಕ್ಷೆಯ ಮೂಲ ವರ್ಗಚಿತ್ರವನ್ನೇ ತಿದ್ದಬೇಕು. ಅದನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ತಿದ್ದಿದ ಮೇಲೆ ನಕ್ಷೆ ಪ್ರತಿ ವಸ್ತುವನ್ನೂ ಕೈಬಿಟ್ಟು ಹೊಸದಾಗಿ ಗುರುತಿಸಿಕೊಳ್ಳಬೇಕು; ಹನ್ನೊಂದು ಸೆಕೆಂಡು ಲೋಕದಲ್ಲಿ ಯಾವುದಕ್ಕೂ ಹೆಸರಿರುವುದಿಲ್ಲ. ಬಸ್ಸುಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ. ನಕ್ಷೆ ಮತ್ತೆ ಎಚ್ಚರವಾಗದಿದ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ನಿಯಮದ ಪ್ರಕಾರ ಚಿತ್ರ ಬರೆದವರು ಮತ್ತು ಪಾಳಿಯಲ್ಲಿರುವ ಗೇಟಿನವರು ಇಬ್ಬರೂ ಹೆಬ್ಬೆಟ್ಟೊತ್ತಬೇಕಿತ್ತು.

ಚಿತ್ರ ತೆರೆದೆ. ಇಪ್ಪತ್ತೆರಡು ವರ್ಷಗಳ ಹಿಂದಿನ ನನ್ನ ಕೈಬರಹ ನೋಡಿದಂತಾಯಿತು. ಊರಿಗೂ ವ್ಯಕ್ತಿಗೂ ನಡುವಿನ ಕಪ್ಪು ವಜ್ರವನ್ನು ಬಿಳಿ ಮಾಡಿದೆ. ಊರಿಗೂ ಜಾಗಕ್ಕೂ ನಡುವೆ ‘ಒಂದು’ ಎಂದಿದ್ದದ್ದನ್ನು ಹೊಡೆದುಹಾಕಿ ‘ಸೊನ್ನೆಯಿಂದ ಎಷ್ಟಾದರೂ’ ಎಂದು ಬರೆದೆ. ಊರೆಂದರೆ ಏನು ಎಂಬ ಸಾಲು ಖಾಲಿಯಾಯಿತು. ಏನು ಬರೆಯುವುದು? ‘ಯಾರು ತಮ್ಮದು ಎನ್ನುತ್ತಾರೋ ಅವರ ಕೂಟ’ ಎಂದು ಬರೆದೆ. ಬರೆದದ್ದು ಇಷ್ಟೇ.

“ಹಿಂಗ ಮಾಡಿದ್ರ ಏನಾಕ್ಕೈತ್ರಿ?” ಎಂದು ಇಮಾಮಸಾಬ ಕೇಳಿದ.

“ನನಗೂ ಖರೇನ ಗೊತ್ತಿಲ್ಲಪಾ.”

ಅವನು “ಬಿಸ್ಮಿಲ್ಲಾ,” ಎಂದು ಹೆಬ್ಬೆಟ್ಟು ಒತ್ತಿದ. ನಾನೂ ಒತ್ತಿದೆ.

ಗೋಡೆ ಕಪ್ಪಾಯಿತು. ಹೊಳೆ ಹೋಯಿತು, ಗುಡ್ಡಗಳು ಹೋದವು, ಲಕ್ಷಾಂತರ ಚುಕ್ಕೆಗಳು ಒಂದೇ ಏಟಿಗೆ ಆರಿದವು. ಕಿಟಕಿಯಾಚೆ ಅಣೆಕಟ್ಟಿನ ಮೇಲೆ ಬರುತ್ತಿದ್ದ ಬಸ್ಸು ನಿಂತಿತು. ನಾನು ಎಣಿಸುತ್ತಿದ್ದೆ. ಎಂಟು, ಒಂಬತ್ತು, ಹತ್ತು. ಹನ್ನೊಂದು. ಹನ್ನೆರಡಾದರೂ ಗೋಡೆ ಕಪ್ಪಾಗಿಯೇ ಇತ್ತು. ಹದಿಮೂರು, ಹದಿನಾಲ್ಕು.

ಆಗ ಕತ್ತಲೆಯ ನಡುವೆ ಒಂದು ಹೊಂಬಣ್ಣದ ಚುಕ್ಕೆ ಹತ್ತಿಕೊಂಡಿತು. ಪಕ್ಕದಲ್ಲಿ ಹೆಸರೂ ವಯಸ್ಸೂ ಬಂದವು: ಬಸಲಿಂಗವ್ವ ಬಡಿಗೇರ, ಹತ್ತೊಂಬತ್ತು. ಅದರ ಪಕ್ಕ ಇನ್ನೊಂದು, ಮತ್ತೊಂದು. ಗುರಬಸವ್ವ ಹೂಗಾರ, ಎಪ್ಪತ್ತೆಂಟು. ನೂರಾ ಹನ್ನೆರಡು ಚುಕ್ಕೆಗಳು ಬಂದವು, ಬಂದು ಎರಡು ಸಾಲಾಗಿ ನಿಂತವು. ಅವು ಯಾಕೆ ಸಾಲಾಗಿ ನಿಂತಿವೆ ಎಂದು ಮೊದಲು ಹೊಳೆಯಲಿಲ್ಲ. ಅವರು ತಮ್ಮ ತಮ್ಮ ಮನೆಯ ಜಾಗದಲ್ಲಿ ಶೇಂಗಾ ಕೀಳುತ್ತಿದ್ದರು. ಅರವತ್ತು ವರ್ಷ ನೀರಿನಡಿ ಇದ್ದ ಓಣಿ, ಊರಬಾಗಿಲ ಅಗಸಿಯಿಂದ ಗುಡಿಯವರೆಗೆ, ಮನುಷ್ಯರ ಬೆಳಕಿನಿಂದ ಗೋಡೆಯ ಮೇಲೆ ಎದ್ದು ಬಂದಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಊರೆಂದರೆ ಜಾಗವೇ ಆಗಬೇಕಿಲ್ಲ ಎಂದು ನಾವು ಹೇಳಿಕೊಟ್ಟದ್ದನ್ನು ನಕ್ಷೆ ಮನಸ್ಸಿಗೆ ತೆಗೆದುಕೊಂಡಿತ್ತು. ಆ ಓಣಿಯಿಂದ ಸಣ್ಣ ಎಳೆಗಳು ಹೊರಟು ಬಯಲು ದಾಟಿ ಹರಡಿದವು. ಪುಣೆಯ ಆಸ್ಪತ್ರೆಯ ಒಬ್ಬ ನರ್ಸಿಗೆ ಒಂದು, ರತ್ನಾಗಿರಿಯ ಬಂದರಿನ ಹಮಾಲನಿಗೆ ಒಂದು, ಶಾಲೆಯ ಬೆಂಚಿನ ಮೇಲೆ ಕೂತ ಆರು ವರ್ಷದ ಮಗುವಿಗೆ ಒಂದು. ಓಣಿಯಲ್ಲಿದ್ದವರೂ ಸೇರಿ ಸಾವಿರದಿನ್ನೂರಾ ಆರು ಜನ. ಅವರೆಲ್ಲ ಓಡಾಡಿದಂತೆ ಊರು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು, ಮಲಗಿದ ಕೂಸಿನ ಹೊಟ್ಟೆಯ ಹಾಗೆ. ಆಮೇಲೆ ಹೊಳೆಯುದ್ದಕ್ಕೂ ಒಂದಾದ ಮೇಲೊಂದು ಅಂಥವೇ ಊರುಗಳು ಹತ್ತಿಕೊಂಡವು. ನಾವು ಯಾರೂ ಸೇರಿಸಿದ್ದಲ್ಲ. ಮುಳುಗಿದ ನೂರಾ ಮೂವತ್ತೊಂಬತ್ತು ಊರುಗಳು ತಾವಾಗಿಯೇ ಬಂದವು. ಅಷ್ಟು ದೊಡ್ಡದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಅಕ್ಕಾರ,” ಎಂದ ಇಮಾಮಸಾಬ, ಎದ್ದು ನಿಂತು ಅವುಗಳಲ್ಲೊಂದರ ಕಡೆ ಬೆರಳು ಚಾಚಿ. “ಅದು ನಮ್ಮ ಅಜ್ಜನ ಊರ್ರಿ. ನಾ ಎಂದೂ ನೋಡಿಲ್ಲ.”

ನಕ್ಷೆ ಗೇಟಿನ ಲೆಕ್ಕವನ್ನು ಮತ್ತೆ ಹಾಕಿತು. ಇಪ್ಪತ್ತಾರರಲ್ಲಿ ಒಂಬತ್ತು ಗೇಟು ತೆರೆದೇ ಇಟ್ಟು, ಕೆಳಗಿನ ಊರುಗಳು ತಡೆಯುವಷ್ಟೇ ನೀರು ಬಿಡುವುದು. ಹಿನ್ನೀರು ಏರುವುದನ್ನು ಮಧ್ಯಾಹ್ನ ಮೂರು ಗಂಟೆಯವರೆಗೆ ತಡಮಾಡುವುದು. ನಾಲ್ಕು ದೋಣಿಗಳನ್ನು ಈಗಲೇ ಕಳಿಸುವುದು. ನಾನು ಮೆಟ್ಟಿಲಿಳಿದು ಓಡಿದೆ. ಐವತ್ತೆಂಟರ ವಯಸ್ಸಿಗೆ ಹಾಗೆ ಓಡಬಾರದು, ಓಡಿದೆ. ಕಡೆಯ ದೋಣಿಗೆ ಹಾರಿದಾಗ ನೂರಾರು ಮೆಟ್ಟಿಲಿನ ಉಬ್ಬಸ ಎದೆಯಲ್ಲಿತ್ತು.

ನಾವು ಮುಟ್ಟುವಷ್ಟರಲ್ಲಿ ಎಲ್ಲರ ಪಟ್ಟಿಗಳೂ ಕೂಗಿಕೊಂಡಿದ್ದವು. ಜನ ಚೀಲಗಳನ್ನು ಹೊತ್ತು ದಂಡೆಯಲ್ಲಿ ನಿಂತಿದ್ದರು. ದೂರದಲ್ಲಿ ಹೊಳೆಯ ಕಡೆ ಕೆಂಪು ನೀರಿನ ಗೆರೆಯೊಂದು ಹೊಳೆಯುತ್ತ ಬರುತ್ತಿತ್ತು. ಒಬ್ಬೊಬ್ಬರು ಹತ್ತಿದಂತೆ ದೋಣಿಯ ದನಿ ಎಣಿಸಿತು. ನೂರಾ ಹನ್ನೆರಡಾದ ಮೇಲೆ, “ಎಲ್ಲರೂ ಹತ್ತಿದ್ದಾರೆ,” ಎಂದು ಹೇಳಿ ಹೊರಟಿತು.

“ನಿಂದ್ರಸು,” ಎಂದರು ಅತ್ತೆ.

“ಎಣಿಕೆ ಸರಿ ಐತ್ರಿ ಅತ್ತಿ. ನಾ ಈಗ ತಿದ್ದಿ ಬಂದೀನಿ. ಎಲ್ಲಾರೂ ಅದಾರ.”

“ನಿನ್ನ ಎಣಿಕಿ ನಿನಗಿರಲಿ. ನಮ್ಮದು ಆಗಿಲ್ಲ.”

ನೀರಿನ ಗೆರೆ ಹತ್ತಿರವಾಗುತ್ತಿತ್ತು. ಎರಡೂವರೆ ತಾಸಿನ ಹಿಂದೆ ಕಣ್ಣಾರೆ ಕಂಡ ಪವಾಡ ಒಂದು ಕಡೆ, ಅತ್ತೆಯ ಮಾತು ಒಂದು ಕಡೆ. ನಾನು ಕೈಯಿಂದ ತಡೆಯುವ ಹಿಡಿಕೆ ಎಳೆದು ದೋಣಿ ನಿಲ್ಲಿಸಿದೆ. ಉಳಿದ ಮೂರೂ ನಿಂತವು. ಅತ್ತೆ ದೋಣಿಯ ಮೂತಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ಖಾಲಿ ಮಣ್ಣಿನ ಕಡೆ ಮುಖ ಮಾಡಿ, ಅಗಸಿಯಿಂದ ಶುರು ಮಾಡಿದರು.

“ಬಡಿಗೇರ ಮನಿ?”

“ಅದೀವಿ,” ಎಂದಿತು ಮೊದಲ ದೋಣಿಯಿಂದ ಒಂದು ದನಿ.

“ತಳವಾರ ಮನಿ?”

“ಅದೀವಿ.”

“ಗಚ್ಚಿನ ಬಾವಿ ಮುಂದಿನ ಮುಲ್ಲಾ ಮನಿ?”

“ಅದೀವಿ.”

ಎಡಕ್ಕೊಂದು ಮನೆ, ಬಲಕ್ಕೊಂದು ಮನೆ, ಅತ್ತೆ ಆ ಓಣಿಯಲ್ಲಿ ನಡೆಯುತ್ತಿದ್ದರು. ಪ್ರತಿ ವರ್ಷ ಆ ಮಣ್ಣು ಬಿಟ್ಟು ಹೊರಡುವಾಗ ಅವರು ಹೀಗೆ ಕೂಗುತ್ತಾರಂತೆ. ನಾನು ಅಷ್ಟು ವರ್ಷ ಸೊಸೆಯಾಗಿದ್ದೂ ಒಂದು ಸಲವೂ ಬಂದು ನೋಡಿರಲಿಲ್ಲ.

“ಗುಡಿ ಹಿಂದಿನ ಅಂಬಿಗೇರ ಮನಿ?”

ಉತ್ತರ ಬರಲಿಲ್ಲ. ಅತ್ತೆ ಮತ್ತೊಮ್ಮೆ ಕೂಗಿದರು.

“ಯಾರ್ರಿ ಅವರು?” ಎಂದೆ.

“ಲಚ್ಚಪ್ಪ. ಪಟ್ಟಿ ಕಟ್ಟಿಸ್ಕೊಂಡಾವಲ್ಲ ಅವ. ದನಕ್ಕ ಕಟ್ರಿ, ನನಗ ಬ್ಯಾಡಂತಾನ. ಕಿವಿನೂ ಕೇಳೂದಿಲ್ಲ.”

ನನ್ನ ಕಪ್ಪು ವಜ್ರದಲ್ಲೂ ಅವನಿರಲಿಲ್ಲ, ಬಿಳಿ ವಜ್ರದಲ್ಲೂ ಇರಲಿಲ್ಲ. ಇಬ್ಬರು ಗಂಡಸರು ದೋಣಿಯಿಂದ ಜಿಗಿದು ಗುಡಿಯಿದ್ದ ದಿಬ್ಬದ ಕಡೆ ಓಡಿದರು. ಅವರ ಪಾದದಡಿ ಆಗಲೇ ನೀರು ಚಿಲ್ಲೆನ್ನುತ್ತಿತ್ತು. ಶೇಂಗಾ ಬಣವೆಯ ಹಿಂದೆ, ನೆರಳಿನಲ್ಲಿ, ಎಂಬತ್ತು ದಾಟಿದ ಮುದುಕ ತಲೆಯಡಿ ರುಮಾಲು ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದನಂತೆ. ಹೆಗಲ ಮೇಲೆ ಹಾಕಿಕೊಂಡು ಬರುವಷ್ಟರಲ್ಲಿ ನೀರು ಅವರ ಮೊಣಕಾಲು ಮುಟ್ಟಿತ್ತು.

ಒಬ್ಬರು ತಪ್ಪಿದರೆ ಕೂಗನ್ನು ಮತ್ತೆ ಅಗಸಿಯಿಂದಲೇ ಶುರು ಮಾಡಬೇಕು, ಅದು ಅವರ ಪದ್ಧತಿ. ಅತ್ತೆ ಮೊದಲಿನಿಂದ ಕೂಗಿದರು. ಅಂಬಿಗೇರ ಮನೆ ಬಂದಾಗ ಪಕ್ಕದವರು ತಿವಿದ ಮೇಲೆ ಲಚ್ಚಪ್ಪ, “ಅದೀನವಾ, ಎಲ್ಲಿ ಹೊಕ್ಕೀನಿ,” ಎಂದ. ನಾಲ್ಕು ದೋಣಿ ಜನ ಒಮ್ಮೆಗೇ ನಕ್ಕರು. ಕೆಲವರು ಅಳುತ್ತಲೂ ಇದ್ದರು.

ನಾನು ಅತ್ತೆಯ ಹತ್ತಿರ ಹೋದೆ. “ನಿಮ್ಮನ್ನೆಲ್ಲಾ ಅಳಿಸಿದ್ದು ನಾನ್ರಿ. ಇಪ್ಪತ್ತೆರಡು ವರ್ಷದ ಹಿಂದ ತಪ್ಪು ಗೆರಿ ಎಳದಿದ್ದೆ,” ಎಂದೆ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಕೂಗು ಇನ್ನೂ ಮುಗಿದಿರಲಿಲ್ಲ, ಓಣಿಯ ತುದಿಯ ಒಂದು ಮನೆ ಉಳಿದಿತ್ತು. ಕೆಂಪು ನೀರು ಮಣ್ಣಿನ ಮೇಲೆ ಹರಡಿಕೊಂಡು ಬಂದು ಸಾಲು ಸಾಲು ಮನೆಗಳ ಜಾಗವನ್ನೆಲ್ಲ ಮುಚ್ಚುತ್ತಿತ್ತು.

“ಹೂಗಾರ ಮನಿ?” ಎಂದು ಕೂಗಿದರು.

ಯಾರೂ ಮಾತಾಡಲಿಲ್ಲ. ಕೂಗುವವರು ತಮ್ಮ ಮನೆಗೆ ತಾವೇ ಓ ಅನ್ನುವಂತಿಲ್ಲವಂತೆ. ನನ್ನ ಗಂಡ ಬದುಕಿರುವ ತನಕ ಅವನು ಅನ್ನುತ್ತಿದ್ದ. ಅವನು ಹೋದ ಮೇಲೆ ಈ ಆರು ವರ್ಷ ಪ್ರತಿ ಸಲ ಅತ್ತೆ ಕೂಗಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕೆಳಗಿಳಿಯುತ್ತಿದ್ದರೆಂದು ಆಮೇಲೆ ಲಚಮವ್ವ ಹೇಳಿದಳು.

ಅಂದು ಅವರು ಕೆಳಗಿಳಿಯಲಿಲ್ಲ. ತಿರುಗಿ ನನ್ನನ್ನೇ ನೋಡುತ್ತ ನಿಂತರು.

“ಹೂಗಾರ ಮನಿ ಅಂದ್ನಿ.”

“ಅದೀವ್ರಿ,” ಎಂದೆ.